ಆಫೀಸಿನವ್ರು ಪೋಕರ್‌ಗೆ ಕರೆದಿದ್ದಾರಾ, ಹೋಗಿ, ಆದ್ರೆ ಇಷ್ಟು ಗೊತ್ತಿರ್ಲಿ

ನೀವು ಕೇಳಿರೋದು ಇಷ್ಟೇ ಅಲ್ವಾ, ಹೊರದೇಶಕ್ಕೆ ಬಂದು ಇನ್ನೂ ಹೊಸದು, ಟೀಮಿನವ್ರು ಶುಕ್ರವಾರ ರಾತ್ರಿ ಒಬ್ಬರ ಮನೇಲಿ ಪೋಕರ್ ಇದೆ ಬಾ ಅಂದಿದ್ದಾರೆ, ರಮ್ಮಿ ಮತ್ತೆ ತೀನ್ ಪತ್ತಿ ಬಿಟ್ರೆ ಬೇರೆ ಇಸ್ಪೀಟ್ ಆಟ ಬರಲ್ಲ, ಹೋಗ್ಲಾ ಬೇಡ್ವಾ, ಹೋದ್ರೆ ಎಲ್ಲರ ಮುಂದೆ ಪೆದ್ದನ ಥರ ಆಗ್ತೀನಾ, ದುಡ್ಡು ಹೋಗುತ್ತಾ. ಹೋಗಿ ಸ್ವಾಮಿ. ಇಷ್ಟು ವರ್ಷ ಹೊರಗಿದ್ದು ನಾನು ನೋಡಿರೋದು ಏನಂದ್ರೆ ಮೀಟಿಂಗಲ್ಲಿ ಎರಡು ಮಾತಿಗಿಂತ ಜಾಸ್ತಿ ಆಡದಿರೋ ಮನುಷ್ಯ ಕೂಡ ಕೈಯಲ್ಲಿ ಎಲೆ ಹಿಡ್ಕೊಂಡು ಕೂತ್ರೆ ಮನೆ ಕಥೆ ಎಲ್ಲ ಹೇಳ್ತಾನೆ. ಹೊಸಬರಿಗೆ ಜನ ಪರಿಚಯ ಆಗೋಕೆ ಇದಕ್ಕಿಂತ ಸುಲಭದ ದಾರಿ ಕಮ್ಮಿ. ಚೆನ್ನಾಗಿ ಆಡಬೇಕು ಅಂತ ಯಾರೂ ನಿರೀಕ್ಷೆ ಮಾಡಲ್ಲ, ನಿಮ್ಮ ಸರದಿ ಬಂದಾಗ ಏನು ಮಾಡಬಹುದು ಅನ್ನೋದು ಗೊತ್ತಿದ್ರೆ ಸಾಕು.

ಹೋಗೋಕೆ ಮುಂಚೆ ಕರೆದವರ ಹತ್ರ ಎರಡು ವಿಷಯ ಕೇಳ್ಕೊಳ್ಳಿ. ಯಾವ ಪೋಕರ್, ಮತ್ತೆ ಬೈ-ಇನ್ ಎಷ್ಟು. ಬಹುಪಾಲು ಟೆಕ್ಸಾಸ್ ಹೋಲ್ಡೆಮ್ ಇರುತ್ತೆ, ನಾನು ಕೆಳಗೆ ಹೇಳಿರೋದೂ ಅದನ್ನೇ. ಒಮಾಹಾ ಅಂದ್ರೆ ಅದ್ರಲ್ಲಿ ನಾಲ್ಕು ಎಲೆ ಕೊಡ್ತಾರೆ, ಲೆಕ್ಕ ಬೇರೆ, ಮೊದಲನೇ ಸಲಕ್ಕೆ ಅದು ಬೇಡ. ಬೈ-ಇನ್ ಅಂದ್ರೆ ಆಟಕ್ಕೆ ಕೂರೋಕೆ ಕೊಡೋ ದುಡ್ಡು, ಅದಕ್ಕೆ ಬದಲಾಗಿ ಚಿಪ್ಸ್ ಅಂತ ಆಡೋ ಬಿಲ್ಲೆಗಳನ್ನ ಕೊಡ್ತಾರೆ. ಆ ದುಡ್ಡು ಪೂರ್ತಿ ಹೋದ್ರೂ ಒಂದು ಸಿನಿಮಾ ನೋಡ್ಕೊಂಡು ಬಂದಂಗೆ ಅಂತ ಅನ್ನಿಸೋ ಅಷ್ಟಿದ್ರೆ ಕೂರಿ. ಅದಕ್ಕಿಂತ ಜಾಸ್ತಿ ಅಂತ ಗೊತ್ತಾದ್ರೆ ಈ ಸಲ ಸುಮ್ನೆ ನೋಡ್ತೀನಿ ಅನ್ನಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಈಗ ಆಟ. 52 ಎಲೆ, ಜೋಕರ್ ಇಲ್ಲ. ಡೀಲರ್ ಬಟನ್ ಅಂತ ಒಂದು ಬಿಲ್ಲೆ ಟೇಬಲ್ ಸುತ್ತ ಪ್ರತಿ ಆಟಕ್ಕೂ ಒಬ್ಬೊಬ್ಬರಂತೆ ಎಡಗಡೆಗೆ ಹೋಗ್ತಾ ಇರುತ್ತೆ. ಬಟನ್ ಇರೋರ ಎಡಗಡೆಯವ್ರು ಸ್ಮಾಲ್ ಬ್ಲೈಂಡ್, ಅವರ ಪಕ್ಕದವ್ರು ಅದರ ಎರಡರಷ್ಟು ಬಿಗ್ ಬ್ಲೈಂಡ್, ಇವರಿಬ್ಬರು ಎಲೆ ಬರೋಕೆ ಮುಂಚೆನೇ ಚಿಪ್ಸ್ ಹಾಕಲೇಬೇಕು. ತೀನ್ ಪತ್ತಿ ಬ್ಲೈಂಡ್ ಅಂದ್ಕೊಂಡು ಎಲೆ ಮುಚ್ಚಿಟ್ಕೊಂಡು ಕೂರಬೇಡಿ, ಎಲ್ಲರೂ ಎಲೆ ನೋಡೇ ಆಡೋದು. ಪ್ರತಿಯೊಬ್ಬರಿಗೂ ಎರಡೆರಡು ಎಲೆ. ಬಿಗ್ ಬ್ಲೈಂಡ್‌ನ ಎಡಗಡೆಯವರಿಂದ ಶುರು, ಒಬ್ಬೊಬ್ಬರೇ ಕಾಲ್ ಅಂದ್ರೆ ಮುಂಚಿನವರು ಹಾಕಿದಷ್ಟೇ ಚಿಪ್ಸ್ ಹಾಕೋದು, ರೈಸ್ ಅಂದ್ರೆ ಏರಿಸೋದು, ಫೋಲ್ಡ್ ಅಂದ್ರೆ ಎಲೆ ಬಿಟ್ಟು ಆ ಆಟದಿಂದ ಹೊರಗೆ, ನಮ್ಮ ಪ್ಯಾಕ್ ಅಂತಾರಲ್ಲ ಅದೇ. ಉಳಿದವರೆಲ್ಲರ ಚಿಪ್ಸ್ ಸಮ ಆದ್ಮೇಲೆ ಟೇಬಲ್ ಮಧ್ಯ ಮೂರು ಎಲೆ ಬಿಚ್ಚಿಡ್ತಾರೆ, ಅದು ಫ್ಲಾಪ್. ಮತ್ತೆ ಒಂದು ಸುತ್ತು, ಈ ಸಲ ಬಟನ್‌ನ ಎಡಗಡೆಯಿಂದ ಶುರು, ಯಾರೂ ಏನೂ ಹಾಕಿಲ್ಲ ಅಂದ್ರೆ ಚೆಕ್ ಅಂತ ಹೇಳಿ ದುಡ್ಡು ಹಾಕದೇನೇ ದಾಟಿಸಬಹುದು. ಆಮೇಲೆ ನಾಲ್ಕನೇ ಎಲೆ ಟರ್ನ್, ಒಂದು ಸುತ್ತು. ಐದನೇದು ರಿವರ್, ಕೊನೇ ಸುತ್ತು. ಅಷ್ಟರಲ್ಲಿ ಎಲ್ಲರೂ ಬಿಟ್ಟು ಒಬ್ಬರೇ ಉಳಿದ್ರೆ ಎಲೆ ತೋರಿಸೋ ಅಗತ್ಯಾನೇ ಇಲ್ಲ, ಪಾಟ್ ಅಂದ್ರೆ ಅಲ್ಲಿ ತನಕ ಎಲ್ಲರೂ ಹಾಕಿದ ಚಿಪ್ಸ್ ಪೂರ್ತಿ ಅವರದ್ದು. ಇಬ್ಬರು ಅಥವಾ ಜಾಸ್ತಿ ಜನ ಉಳಿದ್ರೆ ತೋರಿಸ್ಬೇಕು, ಕೈಲಿರೋ ಎರಡು ಮತ್ತೆ ಮಧ್ಯದ ಐದು ಸೇರಿ ಏಳರಲ್ಲಿ ಯಾವ ಐದು ಚೆನ್ನಾಗಿದೆಯೋ ಅದು ನಿಮ್ಮ ಕೈ. ನಿಮ್ಮ ಎರಡೂ ಬಳಸಬಹುದು, ಒಂದು ಬಳಸಬಹುದು, ಒಂದನ್ನೂ ಬಳಸದೇನೂ ಇರಬಹುದು.

ತೀನ್ ಪತ್ತಿ ಆಡಿದವರು ಎಡವೋದು ಯಾವುದು ದೊಡ್ಡದು ಅನ್ನೋದ್ರಲ್ಲಿ. ಅಲ್ಲಿ ಒಂದೇ ನಂಬರಿನ ಮೂರು ಬಂದ್ರೆ ಟ್ರೇಲ್, ಅದಕ್ಕಿಂತ ಮೇಲೆ ಏನೂ ಇಲ್ಲ, ಸಾಲಾಗಿ ಮೂರು ಬರೋ ಸೀಕ್ವೆನ್ಸ್ ಅನ್ನೋದು ಒಂದೇ ಜಾತಿಯ ಮೂರಿರೋ ಕಲರ್‌ಗಿಂತ ಮೇಲೆ. ಪೋಕರಲ್ಲಿ ಎರಡೂ ತಲೆಕೆಳಗು. ಕೆಳಗಿಂದ ಹೇಳ್ತೀನಿ: ಏನೂ ಕೂಡದಿದ್ರೆ ಹೈ ಕಾರ್ಡ್, ಆಮೇಲೆ ಒಂದು ಪೇರ್, ಎರಡು ಪೇರ್, ಒಂದೇ ನಂಬರಿನ ಮೂರು, ಆಮೇಲೆ ಸ್ಟ್ರೇಟ್ ಅಂದ್ರೆ ಸಾಲಾಗಿ ಐದು, ಅದರ ಮೇಲೆ ಫ್ಲಶ್ ಅಂದ್ರೆ ಒಂದೇ ಜಾತಿಯ ಐದು, ಆಮೇಲೆ ಮೂರು ಪ್ಲಸ್ ಎರಡು ಫುಲ್ ಹೌಸ್, ಒಂದೇ ನಂಬರಿನ ನಾಲ್ಕು, ಸ್ಟ್ರೇಟ್ ಫ್ಲಶ್, ತುದೀಲಿ ಹತ್ತರಿಂದ ಎಕ್ಕದ ತನಕ ಒಂದೇ ಜಾತಿ ಇರೋ ರಾಯಲ್ ಫ್ಲಶ್. ಇದು ಯಾರೋ ಮನಸ್ಸಿಗೆ ಬಂದಂಗೆ ಇಟ್ಟಿದ್ದಲ್ಲ, ಅಪರೂಪದ ಲೆಕ್ಕ. ಮೂರೇ ಎಲೆಯಲ್ಲಿ ಒಟ್ಟು 22,100 ಕೈಗಳು ಸಾಧ್ಯ, ಅದ್ರಲ್ಲಿ ಸೀಕ್ವೆನ್ಸ್ 720, ಕಲರ್ 1,096, ಹಾಗಾಗಿ ಸೀಕ್ವೆನ್ಸ್ ಅಪರೂಪ. ಐದು ಎಲೆ ಆದ ತಕ್ಷಣ ಒಟ್ಟು 25,98,960 ಆಗುತ್ತೆ, ಸ್ಟ್ರೇಟ್ 10,200 ಇದ್ರೆ ಫ್ಲಶ್ 5,108 ಮಾತ್ರ, ಪಕ್ಕಾ ಉಲ್ಟಾ. ರಾಯಲ್ ಫ್ಲಶ್ ಬರೀ ನಾಲ್ಕು, ಅದರ ಆಸೆ ಬಿಡಿ. ಎಕ್ಕ ಮೇಲೂ ನಡೆಯುತ್ತೆ ಕೆಳಗೂ ನಡೆಯುತ್ತೆ, ಎಕ್ಕ ಎರಡು ಮೂರು ನಾಲ್ಕು ಐದು ಸ್ಟ್ರೇಟೇ, ಆದ್ರೆ ರಾಣಿ ರಾಜ ಎಕ್ಕ ಎರಡು ಮೂರು ಅಂತ ಸುತ್ತಿ ಬರಂಗಿಲ್ಲ. ಇನ್ನೊಂದು, ಇಸ್ಪೀಟ್ ದೊಡ್ಡದು ಕಳಾವರ್ ಚಿಕ್ಕದು ಅಂತೆಲ್ಲ ಇಲ್ಲ, ನಾಲ್ಕು ಜಾತಿಯೂ ಸಮ, ಕೈ ಸಮ ಆದ್ರೆ ಪಾಟ್ ಹಂಚ್ಕೊಳ್ಳೋದೇ.

ಹೊಸಬರ ಚಿಪ್ಸ್ ಜಾಸ್ತಿ ಹೋಗೋದು ಕಿಕ್ಕರ್‌ನಲ್ಲಿ, ಅಂದ್ರೆ ಪೇರ್ ಸಮ ಆದಾಗ ಯಾರು ಗೆದ್ರು ಅಂತ ಹೇಳೋ ಪಕ್ಕದ ಎಲೆ, ಅದೊಂದು ಸರಿಯಾಗಿ ನೋಡ್ಕೊಳ್ಳಿ. ನಿಮ್ಮ ಹತ್ರ ಇಸ್ಪೀಟ್ ಎಕ್ಕ ಮತ್ತೆ ಆಟೀನ್ ಒಂಬತ್ತು. ಎದುರಿನವರ ಹತ್ರ ಕಳಾವರ್ ಎಕ್ಕ, ಡೈಮಂಡ್ ರಾಜ. ಫ್ಲಾಪಲ್ಲಿ ಆಟೀನ್ ಎಕ್ಕ, ಕಳಾವರ್ ಏಳು, ಡೈಮಂಡ್ ನಾಲ್ಕು ಬಂತು. ನಿಮಗೆ ಎಕ್ಕದ ಪೇರ್ ಆಯ್ತು, ಖುಷಿಯಾಗಿ ಬೆಟ್ ಮಾಡ್ತೀರಿ, ಅವರು ಸುಮ್ನೆ ಕಾಲ್ ಮಾಡ್ತಾರೆ. ಟರ್ನ್ ಇಸ್ಪೀಟ್ ಗುಲಾಮ, ಮತ್ತೆ ಬೆಟ್, ಮತ್ತೆ ಕಾಲ್. ರಿವರ್ ಆಟೀನ್ ಎರಡು, ಈಗ ಅವರು ಏರಿಸ್ತಾರೆ. ಬಿಚ್ಚಿದ್ರೆ ನಿಮ್ಮದು ಎರಡು ಎಕ್ಕ, ಗುಲಾಮ, ಒಂಬತ್ತು, ಏಳು. ಅವರದ್ದು ಎರಡು ಎಕ್ಕ, ರಾಜ, ಗುಲಾಮ, ಏಳು. ಪೇರ್ ಎರಡೂ ಒಂದೇ, ಆದ್ರೆ ಪಕ್ಕದ ರಾಜ ಎಲ್ಲ ಬಾಚ್ಕೊಂಡು ಹೋದ. ಎಕ್ಕ ಕೈಲಿದೆ ಅಂತ ಅದರ ಜೊತೆ ಯಾವ ಸಣ್ಣ ಎಲೆ ಇದ್ರೂ ಆಡೋರು ಪ್ರತಿ ಟೇಬಲಲ್ಲೂ ಸಿಗ್ತಾರೆ, ಉಳಿದವರ ಸಂಪಾದನೆ ಅವರಿಂದಾನೇ.

ಟೇಬಲ್ ಮರ್ಯಾದೆ ಅಂತ ಒಂದಿದೆ, ನನ್ನ ಪ್ರಕಾರ ಕೈಗಳ ಲೆಕ್ಕಕ್ಕಿಂತ ಇದು ಮುಖ್ಯ, ಯಾಕಂದ್ರೆ ಎಲೆ ಲೆಕ್ಕ ತಪ್ಪಿದ್ರೆ ನಕ್ಕು ಹೇಳಿಕೊಡ್ತಾರೆ, ಇದು ತಪ್ಪಿದ್ರೆ ಮುಖ ಗಂಟಾಗುತ್ತೆ. ನಿಮ್ಮ ಸರದಿ ಬರೋ ತನಕ ಏನೂ ಮಾಡ್ಬೇಡಿ, ಕೆಟ್ಟ ಎಲೆ ಬಂತು ಅಂತ ಸರದಿಗೆ ಮುಂಚೆ ಎಸೆದ್ರೂ ತಪ್ಪೇ, ನಿಮಗಿಂತ ಮುಂಚೆ ಸರದಿ ಇದ್ದು ಇನ್ನೂ ಯೋಚನೆ ಮಾಡ್ತಾ ಇರೋರಿಗೆ ನೀವು ಮಾಹಿತಿ ಕೊಟ್ಟಂಗೆ ಆಗುತ್ತೆ. ರೈಸ್ ಮಾಡೋದಾದ್ರೆ ಮೊದಲು ಬಾಯಲ್ಲಿ ರೈಸ್ ಇಷ್ಟು ಅಂತ ಹೇಳಿ ಆಮೇಲೆ ಚಿಪ್ಸ್ ಇಡಿ. ಕಾಲ್‌ನಷ್ಟು ಇಟ್ಟು, ಎದುರಿನವರ ಮುಖ ನೋಡಿ, ಮತ್ತೆ ಕೈ ಹಾಕಿ ಇನ್ನಷ್ಟು ಇಡೋದಕ್ಕೆ ಸ್ಟ್ರಿಂಗ್ ಬೆಟ್ ಅಂತಾರೆ, ಅದು ನಡೆಯಲ್ಲ, ಕಾಲ್ ಅಂತಾನೇ ಲೆಕ್ಕ. ಬಾಯಲ್ಲಿ ಹೇಳಿದ್ದು ಹೇಳಿದ್ದೇ, ವಾಪಸ್ ಇಲ್ಲ. ಪಾಟ್ ಮೇಲಕ್ಕೆ ಚಿಪ್ಸ್ ಎರಚ್ಬೇಡಿ, ನಿಮ್ಮ ಮುಂದೆ ಇಡಿ, ಎಣಿಸೋಕೆ ಆಗ್ಬೇಕು. ನೀವು ಬಿಟ್ಟ ಮೇಲೆ ಅಯ್ಯೋ ನನ್ನ ಹತ್ರ ಏಳು ಇತ್ತು ಅಂತ ಆಟ ನಡೀತಾ ಇರುವಾಗ ಬಾಯಿ ಬಿಡಬಾರ್ದು. ಪಕ್ಕದಲ್ಲಿ ನಮ್ಮ ಕನ್ನಡದವರೇ ಇನ್ನೊಬ್ಬರು ಕೂತಿದ್ರೆ ಆಟದ ಮಧ್ಯ ಅವರ ಜೊತೆ ಕನ್ನಡದಲ್ಲಿ ಮಾತು ಬೇಡ, ನೀವು ಕ್ರಿಕೆಟ್ ಬಗ್ಗೆ ಮಾತಾಡಿದ್ರೂ ಉಳಿದವರಿಗೆ ಎಲೆ ಹೇಳ್ಕೊಂಡ್ರು ಅಂತಾನೇ ಅನ್ಸುತ್ತೆ. ಕೊನೇಲಿ ತೋರಿಸೋವಾಗ ಎರಡೂ ಎಲೆ ಬಿಚ್ಚಿ ಟೇಬಲ್ ಮೇಲಿಡಿ, ಸೋತೆ ಅನ್ಕೊಂಡು ಮುಚ್ಚಿ ಎಸೀಬೇಡಿ. ನಿಮಗೆ ಕಾಣದೇ ಇರೋ ಸ್ಟ್ರೇಟ್ ಪಕ್ಕದವರಿಗೆ ಕಾಣಬಹುದು, ಎಸೆದ ಎಲೆ ಮಾತ್ರ ಗೆಲ್ಲೋ ಕೈ ಆಗಿದ್ರೂ ಸತ್ತಂಗೆ.

ಯಾವ ಎಲೆಗೆ ಆಡಬೇಕು ಅಂತ ಕೇಳಿದ್ರೆ ಮೊದಲ ರಾತ್ರಿ ತುಂಬಾ ಕಮ್ಮಿ ಎಲೆಗೆ. ದೊಡ್ಡ ಪೇರ್, ಎಕ್ಕ ಜೊತೆ ರಾಜ ಅಥವಾ ರಾಣಿ, ಅಷ್ಟಕ್ಕೆ ನಿಲ್ಲಿಸಿದ್ರೂ ನಷ್ಟ ಇಲ್ಲ. ಎರಡು ಎಲೆಯಲ್ಲಿ ಯಾವುದಾದ್ರೂ ಪೇರ್ ಬರೋದೇ 17ಕ್ಕೆ ಒಂದ್ಸಲ, ಎರಡು ಎಕ್ಕ ಬರೋದು 221ಕ್ಕೆ ಒಂದ್ಸಲ, ಹಾಗಾಗಿ ಹೆಚ್ಚು ಹೊತ್ತು ಬಿಡ್ತಾ ಕೂತಿರ್ತೀರಿ, ಅದೇ ಸರಿ. ಬೋರ್ ಆಗುತ್ತೆ ಅಂತ ಆಡಬೇಡಿ, ಪಕ್ಕದವರ ಜೊತೆ ಇಂಗ್ಲಿಷಲ್ಲೇ ಹರಟೆ ಹೊಡೀರಿ, ಹೋಗಿರೋದೇ ಅದಕ್ಕೆ. ಯಾರೋ ಒಬ್ರು ಹತ್ತು ಎರಡು ಹಿಡ್ಕೊಂಡು ಗೆದ್ದು ಇದು ಡಾಯ್ಲ್ ಬ್ರನ್ಸನ್ ಕೈ ಅಂತ ಬೀಗ್ತಾರೆ. ಬ್ರನ್ಸನ್ ಅಂದ್ರೆ ಅಮೆರಿಕದ ಹೆಸರಾಂತ ಪೋಕರ್ ಆಟಗಾರ. ನಿಜ, 1976 ಮತ್ತೆ 1977 ಎರಡೂ ವರ್ಷ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯದ ಕೊನೇ ಆಟವನ್ನ ಆತ ಗೆದ್ದಿದ್ದು ಹತ್ತು ಎರಡರಲ್ಲೇ, ಹಾಗಂತ ಅದು ಒಳ್ಳೆ ಕೈ ಆಗಲ್ಲ, ಆತನೂ ದಿನಾ ಅದನ್ನೇ ಆಡ್ತಾ ಕೂತಿರ್ಲಿಲ್ಲ.

ಒಂದೇ ಒಂದು ಲೆಕ್ಕ ಕಲ್ತ್ಕೊಳ್ಳಿ. ಟರ್ನ್ ಆದ್ಮೇಲೆ ನಿಮಗೆ ಆಟೀನ್ ನಾಲ್ಕು ಇದೆ, ಇನ್ನೊಂದು ಬಂದ್ರೆ ಫ್ಲಶ್. ಪಾಟಲ್ಲಿ 100 ಚಿಪ್ಸ್, ಎದುರಿನವರು 50 ಹಾಕಿದ್ರು. ನೀವೂ 50 ಹಾಕಿದ್ರೆ ಒಟ್ಟು 200, ಅಂದ್ರೆ ನಾಲ್ಕರಲ್ಲಿ ಒಂದ್ಸಲನಾದ್ರೂ ಗೆಲ್ಲಬೇಕು, ಆಗ ಮಾತ್ರ ಗಿಟ್ಟುತ್ತೆ. ನಿಮಗೆ ಕಾಣದೇ ಇರೋ ಎಲೆ 46, ಅದ್ರಲ್ಲಿ ಆಟೀನ್ 9, ಐದರಲ್ಲಿ ಒಂದಕ್ಕಿಂತ ಕಮ್ಮಿ. ಬಿಡಿ. ಫ್ಲಾಪಲ್ಲೇ ನಾಲ್ಕಿದ್ದು ಇನ್ನೂ ಎರಡು ಎಲೆ ಬಾಕಿ ಇದ್ರೆ ಸುಮಾರು 35 ಪರ್ಸೆಂಟ್ ಆಗುತ್ತೆ, ಆದ್ರೆ ಟರ್ನ್ ಆದ್ಮೇಲೆ ಇನ್ನೊಂದ್ಸಲ ದುಡ್ಡು ಕೇಳ್ತಾರೆ ಅನ್ನೋದನ್ನೂ ಲೆಕ್ಕಕ್ಕೆ ತಗೋಬೇಕು. ಬ್ಲಫ್ ಬಗ್ಗೆ ಬೇಕಂತಲೇ ಏನೂ ಬರೀತಿಲ್ಲ. ಹೊಸಬರು ಹೇಗೂ ಎಲೆ ಬಿಡಲ್ಲ ಅಂತ ಎಲ್ಲರಿಗೂ ಗೊತ್ತು, ಹೊಸಬರ ಟೇಬಲಲ್ಲಿ ಯಾರೂ ಯಾರನ್ನೂ ನಂಬೋದೂ ಇಲ್ಲ, ಹೆದರೋದೂ ಇಲ್ಲ, ಅಲ್ಲಿ ಬ್ಲಫ್ ಮಾಡಿ ಪ್ರಯೋಜನ ಇಲ್ಲ.

ಆಲ್ ಇನ್ ಅಂದ್ರೆ ಮುಂದಿರೋದೆಲ್ಲ ಹಾಕಿಬಿಡೋದು. ನಿಮ್ಮ ಹತ್ರ 80 ಇದೆ, ಉಳಿದ ಇಬ್ಬರು 300ರ ತನಕ ಹೋದ್ರು ಅಂದ್ರೆ ನೀವು ಗೆದ್ರೆ ಸಿಗೋದು ಮೂರು ಜನರ 80 ಸೇರಿ 240 ಮಾತ್ರ, ಮಿಕ್ಕ 440 ಸೈಡ್ ಪಾಟ್, ಅದು ಅವರಿಬ್ಬರ ನಡುವೆ. ಜೇಬಿಂದ ಇನ್ನಷ್ಟು ತೆಗೆದು ಹಾಕೋ ಹಾಗಿಲ್ಲ, ಆ ಆಟ ಮುಗಿದ್ಮೇಲೆ ಬೇಕಿದ್ರೆ ಮತ್ತೆ ಬೈ-ಇನ್. ಆ ಎರಡನೇ ಬೈ-ಇನ್ ಹತ್ರಾನೇ ಜನ ಕೈ ಸುಟ್ಕೊಳ್ಳೋದು, ಒಂದೇ ಅಂತ ಮೊದಲೇ ಗಟ್ಟಿ ಮಾಡ್ಕೊಂಡು ಹೋಗಿ, ಸಹೋದ್ಯೋಗಿ ಹತ್ರ ಸಾಲ ತಗೊಂಡು ಮಾತ್ರ ಆಡಬೇಡಿ, ಸೋಮವಾರ ಅದೇ ಮುಖ ನೋಡ್ಬೇಕು.

ಕಾನೂನು ವಿಷಯ, ದುಡ್ಡಿಟ್ಟು ಮನೇಲಿ ಆಡೋದಕ್ಕೆ ಒಂದೊಂದು ಕಡೆ ಒಂದೊಂದು ರೂಲ್ ಇದೆ, ವೀಸಾ ಮೇಲೆ ಇರೋರು ನೀವಿರೋ ಕಡೆ ಹೇಗೆ ಅಂತ ಒಂದ್ಸಲ ನೋಡ್ಕೊಳ್ಳಿ. ಆಟಗಾರರ ದುಡ್ಡು ಆಟಗಾರರಿಗೇ ಹೋಗೋದು ಬೇರೆ, ಆಟ ನಡೆಸೋ ಮನೆಯವರು ಪ್ರತಿ ಪಾಟಿಂದ ಪಾಲು ತೆಗೆಯೋದು ಬೇರೆ, ಎರಡನೇದನ್ನ ತುಂಬಾ ಕಡೆ ಜೂಜಿನ ಅಡ್ಡೆ ಥರಾನೇ ನೋಡ್ತಾರೆ, ಹಾಗೇನಾದ್ರೂ ಕಂಡ್ರೆ ನೆಪ ಹೇಳಿ ಎದ್ದು ಬನ್ನಿ. ಮತ್ತೆ ಎಷ್ಟೊತ್ತಿಗೆ ಹೊರಡ್ತೀನಿ ಅನ್ನೋದನ್ನ ಕೂರೋವಾಗಲೇ ಹೇಳಿಬಿಡಿ, ಇಲ್ಲಾಂದ್ರೆ ಅಪ್ಪಿತಪ್ಪಿ ಗೆದ್ದುಬಿಟ್ರೆ ಚಿಪ್ಸ್ ಕಟ್ಕೊಂಡು ಓಡಿಹೋದ ಅಂತಾರೆ.