ಗಣಕ ಪ್ರಶ್ನೋತ್ತರ: ಅಪ್‌ಡೇಟ್ ಬಂತು, ಕೋಪೈಲಟ್ ಹೋಯಿತು

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. ಅಪ್‌ಡೇಟ್ ಮುಗಿದು ತಾನೇ ರೀಸ್ಟಾರ್ಟ್ ಆದ ಮೇಲೆ ನೋಡಿದರೆ ಟಾಸ್ಕ್‌ಬಾರ್‌ನಲ್ಲಿದ್ದ ಕೋಪೈಲಟ್ (ಕೇಳಿದ್ದಕ್ಕೆ ಉತ್ತರಿಸುವ, ಬರೆದುಕೊಡುವ ಮೈಕ್ರೋಸಾಫ್ಟ್‌ನ ಎಐ ಸಹಾಯಕ) ಮಾಯ! ಅನುವಾದದ ಕರಡು, ಪತ್ರಗಳ ಒಕ್ಕಣೆ ಎಲ್ಲವನ್ನೂ ಅದರಲ್ಲೇ ತಿದ್ದಿಕೊಳ್ಳುತ್ತಿದ್ದೆ. ಪರಿಚಯದ ರಿಪೇರಿಯವರು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಬೇಕು ಎನ್ನುತ್ತಿದ್ದಾರೆ. ಹಾಗೆ ಮಾಡಿಸಲೇ? ಹಳೆಯ ಸಂಭಾಷಣೆಗಳು ಸಿಗುತ್ತವೆಯೇ?
— ಒಬ್ಬ ಅನುವಾದಕಿ

ಉತ್ತರ: ರಿಪೇರಿಯವರಿಗೆ ಕೈಮುಗಿದು ಕಳುಹಿಸಿಬಿಡಿ. ಒಂದು ಆ್ಯಪ್ ಕಾಣಿಸುತ್ತಿಲ್ಲವೆಂದು ವಿಂಡೋಸನ್ನೇ ಅಳಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಫಾರ್ಮ್ಯಾಟ್ ಎಂಬ ಮದ್ದನ್ನು ಎಲ್ಲ ರೋಗಕ್ಕೂ ಬರೆದುಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು.

ನಿಮಗಾದದ್ದು ಹೊಸದೇನಲ್ಲ. 2025ರ ಮಾರ್ಚ್ 11ರಂದು ಬಂದ ವಿಂಡೋಸ್ ಅಪ್‌ಡೇಟ್ ಕೆಲವು ಕಂಪ್ಯೂಟರ್‌ಗಳಿಂದ ಕೋಪೈಲಟ್ ಆ್ಯಪನ್ನು ಕಿತ್ತುಹಾಕಿ, ಟಾಸ್ಕ್‌ಬಾರ್‌ನಿಂದ ಅದರ ಚಿಹ್ನೆಯನ್ನೂ ತೆಗೆದುಬಿಟ್ಟಿತ್ತು. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬಂದ ಆ ಅಪ್‌ಡೇಟ್‌ನ ಸಂಖ್ಯೆ ಕೆಬಿ5053598. ಇದು ಉದ್ದೇಶಪೂರ್ವಕವಲ್ಲ ಎಂದು ಮೈಕ್ರೋಸಾಫ್ಟ್ ಒಪ್ಪಿಕೊಂಡಿತು. ತನ್ನ ಆ್ಯಪ್ ಅಂಗಡಿಯಾದ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಮತ್ತೆ ಹಾಕಿಕೊಳ್ಳಿ ಎಂದಿತು. ಆಮೇಲೆ ದೋಷವನ್ನು ಸರಿಪಡಿಸಿತು. ತನ್ನ ಕಂಪನಿ ಊರೆಲ್ಲ ಡಂಗುರ ಹೊಡೆಯುತ್ತಿದ್ದ ಆ್ಯಪನ್ನೇ ಅಪ್‌ಡೇಟ್ ಹೊರಗೆ ಹಾಕಿದ್ದು ಕಂಡು ನಾನಂತೂ ನಕ್ಕಿದ್ದೆ. ಹೋದದ್ದೇ ಒಳ್ಳೆಯದಾಯಿತು ಎಂದವರೂ ಇದ್ದರು ಬಿಡಿ.

ಈಗ ನಿಮ್ಮ ಯಂತ್ರಕ್ಕೆ ಬರೋಣ. ಆ್ಯಪ್ ನಿಜವಾಗಿ ಹೋಗಿದೆಯೋ ಅಥವಾ ಚಿಹ್ನೆ ಮಾತ್ರ ಹೋಗಿದೆಯೋ ಎಂಬುದು ಮೊದಲು ಗೊತ್ತಾಗಬೇಕು. ಸ್ಟಾರ್ಟ್ ಒತ್ತಿ ಇಂಗ್ಲಿಷ್ ಅಕ್ಷರಗಳಲ್ಲಿ ಕೋಪೈಲಟ್ ಎಂದು ಟೈಪ್ ಮಾಡಿ. ಆ್ಯಪ್ ಕಾಣಿಸಿದರೆ ಅದರ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ‘ಪಿನ್ ಟು ಟಾಸ್ಕ್‌ಬಾರ್’ ಆರಿಸಿ. ಕೆಲಸ ಅಲ್ಲಿಗೇ ಮುಗಿಯಿತು.

ಇಲ್ಲೊಂದು ಗೊಂದಲವಿದೆ, ತುಸು ನಿಧಾನವಾಗಿ ನೋಡಿ. ಹುಡುಕಿದಾಗ ‘ಮೈಕ್ರೋಸಾಫ್ಟ್ 365 ಕೋಪೈಲಟ್’ ಎಂಬ ಹೆಸರು ಬರಬಹುದು. ಅದು ನೀವು ಹುಡುಕುತ್ತಿರುವುದಲ್ಲ. ವರ್ಡ್, ಎಕ್ಸೆಲ್ ಮುಂತಾದವುಗಳಿಗೆ ಹೆಬ್ಬಾಗಿಲಿನಂತಿದ್ದ ಹಳೆಯ ಆ್ಯಪ್‌ಗೆ 2025ರ ಜನವರಿಯಲ್ಲಿ ಆ ಹೊಸ ಹೆಸರಿಟ್ಟರು. ಮಾರ್ಚ್‌ನ ಅವಾಂತರ ಅದನ್ನು ಮುಟ್ಟಲಿಲ್ಲ. ಹಾಗಾಗಿ ‘ಇದೆಯಲ್ಲ’ ಎಂದುಕೊಂಡು ತೆರೆದವರು, ತಮ್ಮ ಹಳೆಯ ಮಾತುಕತೆಯೆಲ್ಲ ಅಳಿಸಿಹೋಯಿತೆಂದು ಗಾಬರಿಯಾಗುವುದುಂಟು. ಎರಡಕ್ಕೂ ಒಂದೇ ಹೆಸರಿಟ್ಟವರಿಗೆ ಏನು ಹೇಳುವುದು!

ಹುಡುಕಿದರೂ ಸಿಗದಿದ್ದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದು ಅಲ್ಲಿ ಹುಡುಕಿ. ಹೆಸರಿನ ಕೆಳಗೆ ಪ್ರಕಾಶಕರು ಮೈಕ್ರೋಸಾಫ್ಟ್ ಕಾರ್ಪೊರೇಷನ್ ಎಂದಿದೆಯೇ ನೋಡಿಕೊಳ್ಳಿ. ಅದೇ ಬಗೆಯ ಹೆಸರಿನ ಬೇರೆಯವರ ಆ್ಯಪ್‌ಗಳೂ ಪಕ್ಕದಲ್ಲೇ ಇರಬಹುದು. ದುಡ್ಡು ಕೇಳಿದರೆ, ಕಾರ್ಡ್ ಸಂಖ್ಯೆ ಕೇಳಿದರೆ ನೀವು ತಪ್ಪು ಜಾಗದಲ್ಲಿದ್ದೀರಿ, ಏಕೆಂದರೆ ಅಸಲಿ ಆ್ಯಪ್ ಉಚಿತ. ಇನ್‌ಸ್ಟಾಲ್ ಆದ ಮೇಲೆ ಚಿಹ್ನೆ ತಾನಾಗಿ ಹಳೆಯ ಜಾಗಕ್ಕೆ ಬರದಿದ್ದರೆ ಮೇಲೆ ಹೇಳಿದಂತೆ ಪಿನ್ ಮಾಡಿಕೊಳ್ಳಿ.

ಸ್ಟೋರ್ ತೆರೆದುಕೊಳ್ಳದೆ ಸುಮ್ಮನೆ ಸುತ್ತುತ್ತಿದ್ದರೆ ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಡಬ್ಲ್ಯು, ಎಸ್, ಆರ್, ಇ, ಎಸ್, ಇ, ಟಿ ಎಂಬ ಇಂಗ್ಲಿಷ್ ಅಕ್ಷರಗಳನ್ನು ನಡುವೆ ಜಾಗ ಬಿಡದೆ ಬರೆದು ಎಂಟರ್ ಕೊಡಿ. ಒಂದು ಖಾಲಿ ಕಪ್ಪು ಕಿಟಕಿ ತೆರೆದು ಏನೂ ಹೇಳದೆ ನಿಂತಿರುತ್ತದೆ. ಅವಸರಪಟ್ಟು ಮುಚ್ಚಬೇಡಿ. ಅದು ಸ್ಟೋರ್‌ನ ಕ್ಯಾಶೆ, ಅಂದರೆ ತಾತ್ಕಾಲಿಕವಾಗಿ ಕೂಡಿಟ್ಟ ಮಾಹಿತಿ, ಅಳಿಸುತ್ತಿರುತ್ತದೆ. ಮುಗಿದೊಡನೆ ತಾನೇ ಮುಚ್ಚಿಕೊಂಡು ಸ್ಟೋರ್ ತೆರೆಯುತ್ತದೆ.

ಹಳೆಯ ಸಂಭಾಷಣೆಗಳ ವಿಷಯ: ನೀವು ಲಾಗಿನ್ ಆಗಿ ಬಳಸುತ್ತಿದ್ದರೆ ಅವು ನಿಮ್ಮ ಮೈಕ್ರೋಸಾಫ್ಟ್ ಖಾತೆಯೊಂದಿಗೆ ಕಂಪನಿಯ ಸರ್ವರ್‌ನಲ್ಲಿರುತ್ತವೆ. ಆ್ಯಪ್ ಹೋದರೆ ಅವು ಹೋಗುವುದಿಲ್ಲ. ಅದೇ ಖಾತೆಯಿಂದ ಒಳಹೋಗುವುದು ಮುಖ್ಯ. ಎರಡು ಇಮೇಲ್ ಇಟ್ಟುಕೊಂಡವರು ಇಲ್ಲೇ ಎಡವುವುದು. ತುರ್ತಾಗಿ ಬೇಕಿದ್ದರೆ ಬ್ರೌಸರ್‌ನಲ್ಲಿ ಕೋಪೈಲಟ್ ಜಾಲತಾಣ ತೆರೆದು ಲಾಗಿನ್ ಆಗಿ ಈಗಲೇ ನೋಡಬಹುದು. ಲಾಗಿನ್ ಆಗದೆಯೇ ಬಳಸುತ್ತಿದ್ದಿರಾದರೆ ಅವುಗಳ ಆಸೆ ಬಿಡಿ, ಮುಂದಿನ ಕರಡುಗಳನ್ನಾದರೂ ಕಡತವಾಗಿ ಉಳಿಸಿಕೊಳ್ಳಿ.

ಇನ್ನು ಅಪ್‌ಡೇಟನ್ನೇ ನಿಲ್ಲಿಸಿಬಿಡುವ ಯೋಚನೆ ಬಂದಿದ್ದರೆ, ಬೇಡ. ಅದರಲ್ಲಿ ಭದ್ರತೆಯ ತೇಪೆಗಳಿರುತ್ತವೆ. 2018ರ ಅಕ್ಟೋಬರ್‌ನ ವಿಂಡೋಸ್ 10 ಅಪ್‌ಡೇಟ್ ಕೆಲವರ ಸ್ವಂತ ಕಡತಗಳನ್ನೇ ಅಳಿಸಿ, ಕಂಪನಿ ಅದನ್ನು ತಡೆಹಿಡಿದು ನವೆಂಬರ್‌ನಲ್ಲಿ ಮತ್ತೆ ಬಿಡಬೇಕಾಯಿತು. ಹೆದರಬೇಕಾದದ್ದು ಅಂಥದ್ದಕ್ಕೆ, ಅದಕ್ಕೆ ಮದ್ದು ಬ್ಯಾಕಪ್, ಅಂದರೆ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳುವುದು.

ಪ್ರಶ್ನೆ: ಕಚೇರಿಯ ಕಂಪ್ಯೂಟರ್‌ನಲ್ಲೂ ಕೋಪೈಲಟ್ ಇಲ್ಲ. ಸ್ಟೋರ್‌ನಿಂದ ಹಾಕಿಕೊಳ್ಳಲು ಹೋದರೆ ಬಿಡುತ್ತಿಲ್ಲ. ಏಕೆ?

ಉತ್ತರ: ಅಲ್ಲಿ ಅಪ್‌ಡೇಟ್‌ನ ಮೇಲೆ ಗುಮಾನಿ ಪಡಬೇಡಿ, ಕಚೇರಿಯ ಐಟಿ ವಿಭಾಗವೇ ತಡೆದಿರಬಹುದು. ಆಂತರಿಕ ಕಾಗದಪತ್ರಗಳನ್ನು ಇಂಥ ಆ್ಯಪ್‌ಗಳಿಗೆ ಅಂಟಿಸುವ ಚಾಳಿ ತಪ್ಪಿಸಲು ಹಲವು ಸಂಸ್ಥೆಗಳು ಹೀಗೆ ಮಾಡುತ್ತವೆ. ಅಡ್ಡದಾರಿ ಕೇಳಿದರೆ ನಾನು ಹೇಳುವುದಿಲ್ಲ. ಅವರನ್ನೇ ಕೇಳಿ.

ಪ್ರಶ್ನೆ: ನನಗೆ ಅದು ಬೇಡವೇ ಬೇಡ. ಕೀಬೋರ್ಡ್‌ನಲ್ಲಿರುವ ಕೋಪೈಲಟ್ ಕೀಲಿಯೂ ಬೇಡ. ಏನು ಮಾಡಲಿ?

ಉತ್ತರ: ಸ್ಟಾರ್ಟ್ ಮೆನುವಿನಲ್ಲಿ ಅದರ ಮೇಲೆ ಬಲಗುಂಡಿ ಒತ್ತಿ ‘ಅನ್‌ಇನ್‌ಸ್ಟಾಲ್’ ಕೊಡಿ. ಕೀಲಿಯನ್ನು ಕೀಳಲಾಗದು, ಆದರೆ ಬೇರೆ ಕೆಲಸಕ್ಕೆ ಹಚ್ಚಬಹುದು: ಸೆಟ್ಟಿಂಗ್ಸ್‌ನ ಪರ್ಸನಲೈಸೇಷನ್ ವಿಭಾಗದಲ್ಲಿ ‘ಟೆಕ್ಸ್ಟ್ ಇನ್‌ಪುಟ್’ ಪುಟಕ್ಕೆ ಹೋಗಿ, ಅಲ್ಲಿ ಆ ಕೀಲಿಗೆ ಸರ್ಚ್ ತೆರೆಯುವ ಕೆಲಸ ವಹಿಸಿ.