ಗ್ರಾಹಕ ಬಟನ್ ಒತ್ತಿದರೆ ಅದು ‘ಆಟೋಮ್ಯಾಟಿಕ್’ ಅಲ್ಲವಾ?

ಅಮೆರಿಕದ ಪೇಟೆಂಟಿನಲ್ಲಿ ‘ಆಟೋಮ್ಯಾಟಿಕಲಿ’ ಅಂತ ಉಂಟು, ನಮ್ಮ ಸಾಫ್ಟ್‌ವೇರಿನಲ್ಲಿ ಗ್ರಾಹಕ ಬಟನ್ ಒತ್ತಲೇಬೇಕು, ಹಾಗಾದರೆ ಆ ಪೇಟೆಂಟ್ ಮೀರಿದ ಆರೋಪದಿಂದ ನಾವು ಬಚಾವಾ ಅಂತ ಕೇಳಿದ್ದೀರಿ. ಅಷ್ಟು ಸುಲಭ ಇಲ್ಲ ಮಾರಾಯ್ರೆ. ನಾನು ವಕೀಲನಲ್ಲ, ಮಂಗಳೂರಿನಲ್ಲಿ ವೆಬ್‌ಸೈಟ್ ಮಾಡಿ ಬದುಕುವವ. ಆದರೆ ಈ ಒಂದು ಶಬ್ದದ ಹಿಂದೆ ಸ್ವಲ್ಪ ಓಡಾಡಿದ್ದೇನೆ.

ಕದ್ರಿಯ ನಮ್ಮ ಮನೆಯಲ್ಲಿ ಅಮ್ಮನದು ಇನ್ನೂ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್. ಒಗೆದ ಬಟ್ಟೆಯನ್ನು ಪಕ್ಕದ ತೊಟ್ಟಿಗೆ ಕೈಯಲ್ಲೇ ಎತ್ತಿ ಹಾಕಬೇಕು. ಫುಲ್ಲಿ ಆಟೋಮ್ಯಾಟಿಕ್ ಆದರೂ ಬಟ್ಟೆ ತುಂಬಿಸಿ ಸ್ವಿಚ್ ಒತ್ತುವವರು ನಾವೇ. ಹಾಗಂತ ಅದು ಆಟೋಮ್ಯಾಟಿಕ್ ಅಲ್ಲ ಅನ್ನುತ್ತೇವಾ? 2005ರಲ್ಲಿ ಕಾಲೇಜ್‌ನೆಟ್ ಮತ್ತು ಅಪ್ಲೈಯುವರ್‌ಸೆಲ್ಫ್ ಎಂಬ ಎರಡು ಕಂಪನಿಗಳ ಮೊಕದ್ದಮೆಯಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ಕೋರ್ಟು (ಪೇಟೆಂಟ್ ಮೇಲ್ಮನವಿ ಕೇಳುವ ಕೋರ್ಟು) ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಅಲ್ಲಿದ್ದ ಉದಾಹರಣೆ ಪಾತ್ರೆ ತೊಳೆಯುವ ಮೆಷಿನಿನದ್ದು, ಅಷ್ಟೇ ವ್ಯತ್ಯಾಸ. ಶುರು ಮಾಡಿದ್ದು ಮನುಷ್ಯನಾದರೂ, ನಡುವೆ ನಿಲ್ಲಿಸಿದರೂ, ಆ ಕೆಲಸವನ್ನು ಯಂತ್ರವೇ ಮಾಡಿದರೆ ಅದು ಆಟೋಮ್ಯಾಟಿಕ್ಕೇ.

ಆದರೆ ಬಟನ್ನಿನಿಂದ ದಾರಿ ಹುಡುಕಿದ ಕಥೆಯೂ ಉಂಟು. ಇಯೋಲಾಸ್ ಎಂಬ ಕಂಪನಿಯ ಕೈಯಲ್ಲಿದ್ದ ಪೇಟೆಂಟು 1998ರದ್ದು: ವೆಬ್ ಪುಟ ಓದುವಾಗ ಬ್ರೌಸರ್ ಹೊರಗಿನ ಪ್ರೋಗ್ರಾಮನ್ನು ತಾನಾಗಿ ಎಬ್ಬಿಸಿ, ಅದೇ ಕಿಟಕಿಯೊಳಗೆ ಬಳಸಲು ಕೊಡುವುದು. ಅದನ್ನು ಮೀರಿದ್ದಕ್ಕೆ 2003ರಲ್ಲಿ ಜ್ಯೂರಿ ಮೈಕ್ರೋಸಾಫ್ಟಿಗೆ ಹಾಕಿದ ಪರಿಹಾರ ಸುಮಾರು 52 ಕೋಟಿ ಡಾಲರ್. 2005ರಲ್ಲಿ ಮೇಲಿನ ಕೋರ್ಟು ಅದನ್ನು ಭಾಗಶಃ ರದ್ದು ಮಾಡಿ ವಾಪಸ್ ಕಳಿಸಿತು. ಜಗಳ ಮುಗಿಯುವ ಮೊದಲೇ, 2006ರಲ್ಲಿ, ಮೈಕ್ರೋಸಾಫ್ಟಿನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬದಲಾಯಿತು: ಫ್ಲ್ಯಾಶ್ (ಪುಟದೊಳಗೆ ಅನಿಮೇಶನ್ ಓಡಿಸುತ್ತಿದ್ದ ಪ್ರೋಗ್ರಾಮು) ಕಾಣುತ್ತಿತ್ತು, ಆದರೆ ಒಮ್ಮೆ ಕ್ಲಿಕ್ ಮಾಡಿದ ಮೇಲೇ ಸ್ಪಂದಿಸುತ್ತಿತ್ತು. ತಮಾಷೆ ಏನೆಂದರೆ ಫ್ಲ್ಯಾಶನ್ನು ಪುಟದಲ್ಲಿ ಕೂರಿಸುವ ಅದೇ ಟ್ಯಾಗನ್ನು (ಕೋಡಿನ ತುಂಡನ್ನು) ಬೇರೆ ಜಾವಾಸ್ಕ್ರಿಪ್ಟ್ ಫೈಲಿನಿಂದ ಬರೆಸಿದರೆ ಆ ಕ್ಲಿಕ್ ಬೇಕಿರಲಿಲ್ಲ! ಉಡುಪಿಯ ಒಬ್ಬ ಗಿರಾಕಿಯ ಸೈಟಿಗೆ ನಾನೂ ಹಾಗೆ ಬರೆದಿದ್ದೆ. 2007ರಲ್ಲಿ ರಾಜಿಯಾಯಿತು, ಆಮೇಲೆ ಆ ಕ್ಲಿಕ್ ಹೋಯಿತು. 2012ರಲ್ಲಿ, ಬೇರೆ ಕಂಪನಿಗಳ ಮೇಲಿನ ಕೇಸಿನಲ್ಲಿ, ಟೆಕ್ಸಾಸಿನ ಜ್ಯೂರಿ ಇಯೋಲಾಸಿನ ಹಕ್ಕುಗಳೇ ಸಿಂಧು ಅಲ್ಲ ಅಂದಿತು. ಸಾಕ್ಷಿ ಹೇಳಿದವರಲ್ಲಿ ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಕೂಡ ಇದ್ದರು.

ಹಾಗಾಗಿ ಬಟನ್ ಇದೆಯಾ ಇಲ್ಲವಾ ಅಂತ ನೋಡಬೇಡಿ, ಎಲ್ಲಿದೆ ಅಂತ ನೋಡಿ. ಪೇಟೆಂಟಿನ ಕ್ಲೇಮ್, ಅಂದರೆ ಹಕ್ಕು ಯಾವುದರ ಮೇಲೆ ಎಂದು ಹೇಳುವ ವಾಕ್ಯ, ತೆಗೆದು, ‘ಆಟೋಮ್ಯಾಟಿಕಲಿ’ ಯಾವ ಕ್ರಿಯಾಪದಕ್ಕೆ ಅಂಟಿದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ನಿಮ್ಮ ಬಟನ್ ಅದಕ್ಕೂ ಮೊದಲೇ ಬಂದರೆ ಅದು ಬರೀ ಸ್ವಿಚ್ಚು, ಕೆಲಸಕ್ಕೆ ಬರುವುದು ಕಷ್ಟ. ಅಮ್ಮ ಬಟ್ಟೆ ಎತ್ತಿ ಹಾಕುವ ಹಾಗೆ ಆ ಕೆಲಸವನ್ನೇ ಗ್ರಾಹಕ ಕೈಯಾರೆ ಮಾಡುವುದಾದರೆ, ಆ ಗೆರೆ ಎಳೆದ ಹಾಳೆಯನ್ನೇ ಹಿಡಿದುಕೊಂಡು ಪೇಟೆಂಟ್ ವಕೀಲರ ಹತ್ತಿರ ಹೋಗಿ.