ಎರಡನೇ ರೌಟರ್ ಹಾಕಿದ ಮೇಲೆ ಗೇಮ್ ಕೈಕೊಡುವುದೇಕೆ?

ಉಡುಪಿಯ ಹಳೇ ಮನೆ, ಫೈಬರ್ ರೌಟರ್ ಚಾವಡಿಯಲ್ಲಿ, ಪ್ಲೇಸ್ಟೇಷನ್ ಮಾಳಿಗೆಯಲ್ಲಿ. ಎರಡನೇ ರೌಟರ್ ಹಾಕಿದ ಮೇಲೆ ಗೆಳೆಯರ ಪಾರ್ಟಿ ಚಾಟ್ ಸೇರಲಾಗುತ್ತಿಲ್ಲ ಅಂತ ಕೇಳಿದ್ದೀರಿ. ಹೆಚ್ಚಾಗಿ ಇದು ಡಬಲ್ ನ್ಯಾಟ್, ಅಂದರೆ ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ಕೆಲಸ (ನ್ಯಾಟ್) ಎರಡು ಸಲ ನಡೆಯುವುದು. ಎರಡೂ ರೌಟರ್ ಐಪಿ (ನೆಟ್‌ವರ್ಕ್ ವಿಳಾಸ) ಹಂಚುತ್ತಾ ಕೂತಿವೆ. ಯುಪಿಎನ್‌ಪಿ (ಗೇಮ್ ಕೇಳಿದಾಗ ರೌಟರ್ ತಾನೇ ದಾರಿ ಬಿಡುವ ವ್ಯವಸ್ಥೆ) ಪೋರ್ಟ್ ತೆರೆಯುವುದು ಒಳಗಿನ ಎರಡನೇ ರೌಟರ್‌ನಲ್ಲಿ ಮಾತ್ರ, ಹೊರಗಿನ ಮೊದಲನೆಯದಕ್ಕೆ ಅದರ ಸುದ್ದಿಯೇ ಇಲ್ಲ.

ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ತಾನು ಐಪಿ ಹಂಚದೆ ಸಂಪರ್ಕ ಮಾತ್ರ ಮುಂದೆ ಕೊಡುವ ಸ್ಥಿತಿ) ಹಾಕಿ. ಆ ಆಯ್ಕೆ ಇಲ್ಲವೇ? ಮೊದಲನೆಯದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಟ್ಟು (ಮೊದಲನೆಯದು ಹಂಚುವ ಪಟ್ಟಿಯಲ್ಲಿ ಆ ಸಂಖ್ಯೆ ಇರಬಾರದು), ಡಿಎಚ್‌ಸಿಪಿ (ಐಪಿ ಹಂಚುವ ಕೆಲಸ) ಆಫ್ ಮಾಡಿ, ಮೊದಲನೆಯದರಿಂದ ಬಂದ ಕೇಬಲನ್ನು ಇದರ ವ್ಯಾನ್ (ಹೊರಗಿನ ಇಂಟರ್ನೆಟ್‌ನ) ಪೋರ್ಟ್ ಬಿಟ್ಟು ಲ್ಯಾನ್ (ಮನೆಯೊಳಗಿನ) ಪೋರ್ಟ್‌ಗೆ ಸಿಕ್ಕಿಸಿ.

ಎರಡು ರೌಟರ್‌ಗಳ ನಡುವೆ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ಲೇ ಇರಲಿ. ದಪ್ಪ ಮುರಕಲ್ಲಿನ ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಸಿಗ್ನಲ್ ಸುಸ್ತಾಗಿರುತ್ತದೆ. ವೈಫೈ ಮುಂದೆ ದಾಟಿಸುವ ರಿಪೀಟರ್ ಇಟ್ಟರೆ ಪಿಂಗ್ (ಗೇಮ್ ಸರ್ವರ್‌ಗೆ ಹೋಗಿ ಬರುವ ಸಮಯ) ಏರುತ್ತದೆ. ಪ್ಲೇಸ್ಟೇಷನ್ನಿಗೂ ವೈರೇ ಕೊಡಿ. ಕೇಬಲ್ ಹೊರಗೋಡೆಯ ಮೇಲೆ ಮಾತ್ರ ಬೇಡ, ನಮ್ಮ ಕಡೆ ಮೇ ತಿಂಗಳ ಸಿಡಿಲು ಗೊತ್ತಲ್ಲ.

ಆಮೇಲೂ ಪ್ಲೇಸ್ಟೇಷನ್ನಿನಲ್ಲಿ ನ್ಯಾಟ್ ಟೈಪ್ 3 (ಬೇರೆಯವರ ಜೊತೆ ಸಂಪರ್ಕ ಕಷ್ಟವಾಗುವ ಸ್ಥಿತಿ) ಅಂತಲೇ ಬಂದರೆ ಮೊದಲ ರೌಟರ್‌ನ ವ್ಯಾನ್ ಐಪಿ ನೋಡಿ. 100.64ರಿಂದ 100.127ರೊಳಗೆ ಶುರುವಾಗಿದ್ದರೆ ಅದು ಇಂಟರ್ನೆಟ್ ಕಂಪನಿಯ ಸಿಜಿನ್ಯಾಟ್, ಅಂದರೆ ಒಂದೇ ಹೊರಗಿನ ಐಪಿಯನ್ನು ಹಲವು ಗ್ರಾಹಕರಿಗೆ ಹಂಚುವ ಕಂಪನಿಯದೇ ನ್ಯಾಟ್. ಮನೆಯಲ್ಲಿ ಏನು ತಿರುಗಿಸಿದರೂ ಹೋಗದು, ಪಬ್ಲಿಕ್ ಐಪಿ (ನಿಮಗೇ ಮೀಸಲಾದ ಹೊರಗಿನ ವಿಳಾಸ) ಕೇಳಿ ಪಡೆಯಿರಿ.